ಕೆಟಲಿನ ನೆಗ್ಗು ಯಾವ ಕಡೆ?

ಬಸ್ಸುಗಳಲ್ಲಿ ಜನ ಮರೆತು ಇಳಿದುಹೋದ ಸಾಮಾನುಗಳನ್ನು ಕಾಯುವ ಕಚೇರಿಯಲ್ಲಿ ನಿಧಾನಯ್ಯ ಗುಮಾಸ್ತ. ಈ ಹೆಸರು ಹೆತ್ತವರು ಇಟ್ಟದ್ದಲ್ಲ. ಕೌಂಟರಿನ ಆಚೆ ನಿಂತು ನಿಂತು ಕಾಲು ಬಾತವರು ಇಟ್ಟದ್ದು. ಐವತ್ತೊಂದನೆಯ ವಯಸ್ಸಿನಲ್ಲಿ ಈ ನಿಧಾನಯ್ಯನಿಗೆ ಕಲೆ ಅಂಟಿಕೊಂಡಿತು. ಎರಡು ಅರ್ಥದಲ್ಲೂ ಅಂಟಿಕೊಂಡಿತು. ಭಾನುವಾರದ ಮುದ್ರಣ ತರಗತಿಗೆ ಸೇರಿ ತಾಮ್ರದ ತಗಡಿನ ಮೇಲೆ ಚಿತ್ರ ಮಾಡುವುದನ್ನು ಅವನು ಹಿಡಿದ. ಅವನ ಏಳು ಅಂಗಿಗಳಲ್ಲಿ ಐದರ ತೋಳನ್ನು ಕಪ್ಪು ಮಸಿ ಹಿಡಿಯಿತು. ಮೊದಲನೆಯದರ ಬಗ್ಗೆ ಅವನಿಗೆ ಹೆಮ್ಮೆ. ಎರಡನೆಯದರ ಬಗ್ಗೆ ಮಾತಾಡಲು ಮನೆಯಲ್ಲಿ ಅಕ್ಕ ಇದ್ದಳು.

"ಅದೇನೋ ಹೆಸರು ಹೇಳ್ತೀಯಲ್ಲ, ಮೇಜಿನ ಟೆಂಟು..."

"ಮೆಜ್ಜೊಟಿಂಟ್, ಅಕ್ಕ."

"ಅದೇ. ಮೂರು ತಿಂಗಳಿಂದ ಕರಕರ ಅಂತ ಕೆರೀತಾನೇ ಇದೀಯ. ಟೆಂಟೂ ಏಳಲಿಲ್ಲ, ಮೇಜೂ ಬರಲಿಲ್ಲ. ಎದುರುಮನೆಯವಳು ಕೇಳ್ತಾಳೆ, ನಿಮ್ಮನೇಲಿ ಹೆಗ್ಗಣ ಸಾಕಿದೀರಾ ಅಂತ."

ಕೆಲಸವೇ ಅಂಥದ್ದು. ತೊಟ್ಟಿಲ ಕಾಲಿನ ಹಾಗೆ ಬಾಗಿದ, ಬಾಯಿ ತುಂಬ ಸಣ್ಣ ಹಲ್ಲುಗಳಿರುವ ಒಂದು ಉಳಿ. ಅದನ್ನು ತಗಡಿನ ಮೇಲೆ ಅತ್ತ ಇತ್ತ ತೂಗುತ್ತ, ಉದ್ದಕ್ಕೆ, ಅಡ್ಡಕ್ಕೆ, ಓರೆಗೆ ಸಾಗಬೇಕು. ಇಡೀ ತಗಡು ಬೆಕ್ಕಿನ ನಾಲಿಗೆಯಂತೆ ತರಿತರಿಯಾಗುವ ತನಕ ಬಿಡುವಂತಿಲ್ಲ. ಆಗ ಮಸಿ ಸವರಿ ಕಾಗದಕ್ಕೆ ಒತ್ತಿದರೆ ಬರೀ ಕಾಡಿಗೆಗಪ್ಪು. ಆಮೇಲೆ ಎಲ್ಲೆಲ್ಲಿ ಬೆಳಕು ಬೇಕೋ ಅಲ್ಲಲ್ಲಿ ಅಲಗಿನಿಂದ ಕೆರೆದು, ಉಜ್ಜಿ, ನುಣುಪು ಮಾಡಬೇಕು. ನುಣುಪಾದಷ್ಟೂ ಬಿಳುಪು. ಬೇರೆ ಚಿತ್ರಗಾರರು ಬಿಳಿ ಹಾಳೆಯ ಮೇಲೆ ಕಪ್ಪು ಬರೆದು ಊಟಕ್ಕೆ ಏಳುತ್ತಾರೆ. ಇವರು ಕತ್ತಲೆಯೊಳಗಿಂದ ಬೆಳಕನ್ನು ಕೆರೆದು ತೆಗೆಯುವಷ್ಟರಲ್ಲಿ ಋತು ಬದಲಾಗಿರುತ್ತದೆ. ಲೋಕದಲ್ಲಿ ನಿಧಾನಯ್ಯನಿಗೆಂದೇ ಒಂದು ಕಲೆ ಇದ್ದರೆ ಅದು ಇದು.

ತಗಡು ಸಿದ್ಧವಾದ ದಿನ ತರಗತಿಯ ಮೇಷ್ಟ್ರು ಹೇಳಿದರು: "ಬೆಟ್ಟ ಸಮುದ್ರ ಅಂತೆಲ್ಲ ಹೋಗಬೇಡಿ. ಒಂದು ಬೀಗ, ಒಂದು ಬಾಚಣಿಗೆ, ಒಂದು ಬಲ್ಬು, ಇಂಥದ್ದೇನಾದ್ರೂ ತಗೊಳ್ಳಿ. ಆದ್ರೆ ಕಣ್ಣೆದುರು ಇಟ್ಕೊಂಡೇ ಕೆರೀರಿ. ನೆನಪಿನಿಂದ ಕೆರೆದ್ರೆ ಬಲ್ಬು ಹೋಗಿ ಬದನೆಕಾಯಿ ಆಗುತ್ತೆ."

ಮನೆಯಲ್ಲಿ ಅಕ್ಕ ಯಾವ ಸಾಮಾನನ್ನೂ ಎರಡು ನಿಮಿಷ ಒಂದು ಕಡೆ ಕೂರಲು ಬಿಡುತ್ತಿರಲಿಲ್ಲ. ಕಚೇರಿಯಲ್ಲಿ ಕೂತ ಸಾಮಾನಿಗೆ ಬರವಿರಲಿಲ್ಲ. ನೂರ ಹನ್ನೆರಡು ಛತ್ರಿ, ಒಂಟಿ ಕೈಗವಸು, ಒಂಟಿ ಚಪ್ಪಲಿ, ಒಂದು ಜೊತೆ ಹಲ್ಲುಸೆಟ್ಟು, ಯಾರದೋ ಅರ್ಧ ಹೆಣೆದ ಸ್ವೆಟರ್. ಬಾಗಿಲು ತೆರೆದಾಗಲೆಲ್ಲ ಅವೆಲ್ಲ ತಮ್ಮವರು ಬಂದರೇನೋ ಎಂದು ಕತ್ತೆತ್ತಿದಂತೆ ನಿಧಾನಯ್ಯನಿಗೆ ಕಾಣುತ್ತಿತ್ತು. ಅವನ ಮಟ್ಟಿಗೆ ಹಾಗೆ ಕತ್ತೆತ್ತಿ ನೋಡಲು ಯಾರೂ ಬರುವವರಿರಲಿಲ್ಲ. ಅದನ್ನು ಅವನು ಯಾರಿಗೂ ಹೇಳಿಕೊಂಡವನೂ ಅಲ್ಲ.

ಒಂದು ಸೋಮವಾರ ಹದಿನಾಲ್ಕನೇ ನಂಬರಿನ ಬಸ್ಸಿನ ಕಂಡಕ್ಟರ್ ಒಂದು ಸ್ಟೀಲಿನ ಕೆಟಲನ್ನು ತಂದು ಕುಕ್ಕಿ ಹೋದ. ಹಿಡಿ ಸಡಿಲ, ಪಕ್ಕೆಯಲ್ಲಿ ಅಂಗೈಯಷ್ಟು ನೆಗ್ಗು. ನಿಧಾನಯ್ಯ ಅದನ್ನು ಹಿಂದಿನ ಕೋಣೆಯ ಕಿಟಕಿಯ ಕಟ್ಟೆಯ ಮೇಲಿಟ್ಟ. ಇಡೀ ಕಿಟಕಿ ಅದರ ಹೊಟ್ಟೆಯ ಮೇಲೆ ಬಂದು ಕೂತಿತು. ನೆಗ್ಗಿದ ಕಡೆ ಮಾತ್ರ ಕಿಟಕಿಯ ಸರಳುಗಳು ನಗುವಾಗ ಬಾಗುವ ತುಟಿಯ ಹಾಗೆ ಬಾಗಿದವು. ಅವತ್ತು ಅವನು ಊಟ ಮರೆತ. ಮರುದಿನದಿಂದ ಮಧ್ಯಾಹ್ನದ ಬಿಡುವಿನಲ್ಲಿ ತಗಡು ಹಿಡಿದು ಕೆಟಲಿನೆದುರು ಕೂರತೊಡಗಿದ.

ಒಂಬತ್ತನೆಯ ದಿನ ಸಂಜೆ ನಾಲ್ಕೂವರೆಗೆ ಕೌಂಟರಿನ ಮುಂದೆ ಒಬ್ಬ ಹೆಂಗಸು ಬಂದು ನಿಂತರು. ನಲವತ್ತೈದರ ಆಸುಪಾಸು, ಕೊರಳಲ್ಲಿ ದಾರಕ್ಕೆ ಕಟ್ಟಿದ ಕನ್ನಡಕ.

"ಒಂದು ಕೆಟಲ್ ಬಂದಿದೆಯಾ? ಹದಿನಾಲ್ಕನೇ ನಂಬರ್ ಬಸ್ಸಲ್ಲಿ ಬಿಟ್ಟೆ. ಹಿಡಿ ರಿಪೇರಿಗೆ ಅಂತ ತಗೊಂಡು ಹೋಗ್ತಿದ್ದೆ."

ಬಂದಿದೆ ಎಂದು ಎದ್ದು ಹೋಗಿ ತಂದುಕೊಟ್ಟಿದ್ದರೆ ಈ ಕಥೆಯೂ ಇರುತ್ತಿರಲಿಲ್ಲ, ಇಷ್ಟು ಜನರಿಗೆ ತೊಂದರೆಯೂ ಇರುತ್ತಿರಲಿಲ್ಲ. ಆದರೆ ಕೆಟಲಿನ ಹೊಟ್ಟೆಯ ಬೆಳಕು ಅರ್ಧ ಮಾತ್ರ ಕೆರೆದಾಗಿತ್ತು. ನಿಧಾನಯ್ಯನ ಬಾಯಿಂದ ತಾನೇ ತಾನಾಗಿ ಒಂದು ಮಾತು ಬಂತು.

"ಪರಿಶೀಲನೆ ನಡೀತಿದೆ."

"ಕೆಟಲಿಂದಾ?"

"ಮಾಲೀಕತ್ವದ್ದು. ನಮೂನೆ ಹದಿನೇಳು ತುಂಬಬೇಕು."

ಆ ಕಚೇರಿಯಲ್ಲಿ ಇದ್ದದ್ದು ಹದಿನಾರು ನಮೂನೆ. ಪಾಪ, ಸುಳ್ಳು ಹೇಳುವಾಗಲೂ ಅವನು ಕ್ರಮಸಂಖ್ಯೆ ತಪ್ಪಿಸಲಿಲ್ಲ.

"ಎಷ್ಟು ಹೊತ್ತು ಹಿಡಿಯುತ್ತೆ?"

"ಐದು ಕಲಂ ಇದೆ. ದಿನಕ್ಕೆ ಒಂದೇ ಕಲಂ."

ಆಕೆ ಅವನ ಮುಖವನ್ನೇ ಒಂದು ಗಳಿಗೆ ನೋಡಿದರು. ಕನ್ನಡಕದ ಅಂಗಡಿಯಲ್ಲಿ ಗಾಜು ಅರೆಯುವವರು. ಮಸುಕಾದದ್ದನ್ನು ನೋಡಿ ಅಭ್ಯಾಸ. "ಆಗಲಿ, ನಾಳೆ ಬರ್ತೀನಿ" ಎಂದು ಹೋದರು. ಕಚೇರಿಯವರು ಅವರಿಗೆ ಕನ್ನಡಕದಮ್ಮ ಎಂದು ಹೆಸರಿಟ್ಟರು.

ಮೊದಲ ದಿನದ ಕಲಂ, ವಸ್ತುವಿನ ವಯಸ್ಸು. "ನನಗಿಂತ ಎರಡು ವರ್ಷ ದೊಡ್ಡದು. ನಮ್ಮಪ್ಪ ತಂದಿದ್ದು." ಎರಡನೆಯ ದಿನ, ವಸ್ತುವಿನ ಶಬ್ದ. "ಮೊದಲು ಕೆಮ್ಮುತ್ತೆ, ಆಮೇಲೆ ಕೂಗುತ್ತೆ. ನಮ್ಮಪ್ಪನೂ ಹಾಗೇ." ಮೂರನೆಯ ದಿನ, ಗುರುತು.

"ನೆಗ್ಗು. ಸುರಿಯುವಾಗ ಬಲಗಡೆ ಬರುತ್ತೆ. ನಾನು ಆರು ವರ್ಷದವಳಿದ್ದಾಗ ಅದನ್ನ ಟೋಪಿ ಅಂತ ತಲೆ ಮೇಲಿಟ್ಕೊಂಡು ಮೆಟ್ಟಿಲಿಂದ ಉರುಳಿದೆ. ನನಗೇನೂ ಆಗಲಿಲ್ಲ, ಕೆಟಲಿಗೆ ಆಯ್ತು. ಅಪ್ಪ ಇಬ್ಬರನ್ನೂ ಎತ್ಕೊಂಡು ತಿರುಗಿಸಿ ತಿರುಗಿಸಿ ನೋಡಿದ್ರು. ಇದನ್ನೂ ಬರ್ಕೋಬೇಕಾ?"

"ಬರ್ಕೋಬೇಕು," ಎಂದ ನಿಧಾನಯ್ಯ, ಆಗಲೇ ಬರೆದುಕೊಂಡು.

ನಾಲ್ಕನೆಯ ದಿನ ಅವನು ಮೂರು ಗಂಟೆಗೇ ತಲೆ ಬಾಚಿಕೊಂಡ. ಐದನೆಯ ದಿನ ಬೆಳಿಗ್ಗೆ ಅಕ್ಕ ಬಾಗಿಲಿಗೆ ಅಡ್ಡ ನಿಂತಳು.

"ಇವತ್ತೂ ಇಸ್ತ್ರಿ ಅಂಗಿ. ಕೆಟಲ್ ನೋಡೋಕೆ ಯಾಕೋ ಪೌಡರ್ ಹಾಕ್ಕೊಂಡು ಹೋಗ್ತೀಯ? ಅದಕ್ಕೆ ಕಣ್ಣಿದೆಯಾ?"

"ಕಚೇರಿ ಅಂದ್ಮೇಲೆ ಒಂದು ಶಿಸ್ತು ಬೇಡ್ವಾ ಅಕ್ಕ?"

"ಇಪ್ಪತ್ತಾರು ವರ್ಷ ಎಲ್ಲಿ ಹೋಗಿತ್ತು ಆ ಶಿಸ್ತು? ಬಸ್ಸಲ್ಲಿ ಬಿಟ್ಟಿದ್ಯಾ?"

ಐದನೆಯ ಕಲಂ ಮುಗಿಯುವಾಗ ಹೊಟ್ಟೆಯ ಬೆಳಕೂ ಮುಗಿದಿತ್ತು. ಕೊಟ್ಟು ಕಳಿಸಲು ಇನ್ನು ಅಡ್ಡಿಯೇ ಇರಲಿಲ್ಲ. ಕನ್ನಡಕದಮ್ಮ ಕೈಚೀಲ ಬಿಚ್ಚಿ ಹಿಡಿದು ನಿಂತಿದ್ದರು. ನಿಧಾನಯ್ಯ ಆ ಬರಿದಾದ ಚೀಲವನ್ನು ನೋಡಿದ; ಅದು ತುಂಬಿದ ಮೇಲೆ ಸಂಜೆ ನಾಲ್ಕೂವರೆ ಎಂಬುದು ಹೇಗಿರುತ್ತದೆ ಎಂಬುದನ್ನೂ ನೋಡಿದ. "ಹಿಂದಿನ ಪುಟದಲ್ಲಿ ಆರನೆಯದೊಂದು ಇದೆ," ಎಂದುಬಿಟ್ಟ. "ನಾಳೆ."

ಆರನೆಯ ದಿನ ಆಕೆ ಬಂದಾಗ ಮುಖ ಬಾಡಿತ್ತು. ಕುರ್ಚಿಯ ಮೇಲೆ ಕೂರಲೂ ಇಲ್ಲ.

"ಕಲಂ ಏನಿದ್ರೂ ಬೇಗ ಕೇಳಿ. ಅಮ್ಮ ಕೈ ಸುಟ್ಕೊಂಡಿದಾರೆ. ಅವರಿಗೆ ಕಣ್ಣು ಕಾಣಲ್ಲ. ಹಳೇ ಕೆಟಲಿನ ನೆಗ್ಗು ಬಲಗೈಗೆ ಸಿಕ್ಕಿದ್ರೆ ಮೂತಿ ಮುಂದಿದೆ ಅಂತ ಗೊತ್ತಾಗ್ತಿತ್ತು. ಅದಿಲ್ಲ ಅಂತ ತಂದ ಹೊಸದು ಎಲ್ಲಾ ಕಡೆ ಒಂದೇ ಥರ. ಕುದಿಯೋ ನೀರು ಎಡಗೈ ಮೇಲೆ ಸುರಿದು ಹೋಯ್ತು."

ನಿಧಾನಯ್ಯ ತನ್ನ ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಮೊದಲ ಸಲ ಓಡಿದ. ಕುರ್ಚಿ ಬಿತ್ತು, ಮಸಿಕುಡಿಕೆ ಉರುಳಿತು, ಆರನೆಯ ಅಂಗಿಯೂ ಹೋಯಿತು. ಹಿಂದಿನ ಕೋಣೆಯ ಬಾಗಿಲು ತಳ್ಳಿದರೆ ಕಿಟಕಿಯ ಕಟ್ಟೆ ಖಾಲಿ. ಕೆಳಗೆ ನೆಲದ ಮೇಲೆ ಸೂಪರಿಂಟೆಂಡೆಂಟರು ಮಂಡಿಯೂರಿ ಕೂತು, ಗೋಣಿಬಟ್ಟೆಯಲ್ಲಿ ಹೊಲಿದ ಒಂದು ಗಂಟಿಗೆ ಅರಗು ಕರಗಿಸಿ ಮೊಹರು ಒತ್ತುತ್ತಿದ್ದರು.

"ಬನ್ನಿ ಬನ್ನಿ," ಎಂದರು ಹೆಮ್ಮೆಯಿಂದ. "ನಿಮ್ಮ ಫೈಲಲ್ಲಿ ನಮೂನೆ ಹದಿನೇಳು ನೋಡಿದೆ. ಎಂಥಾ ನಮೂನೆ ಕಣ್ರೀ! ಕೇಂದ್ರ ಕಚೇರಿಗೆ ಕಳಿಸಿದೆ. ಆದೇಶ ಬಂದಾಯ್ತು."

ಜನರಿಗೆ ಅನುಕೂಲವಾಗುವ ಆದೇಶ ಕೇಂದ್ರ ಕಚೇರಿಯಿಂದ ಹೊರಡಲು ಆರು ವರ್ಷ ಬೇಕು. ಇದು ಮೂರೇ ದಿನದಲ್ಲಿ ಬಂದಿತ್ತು. ಇನ್ನು ಮುಂದೆ ಎಲ್ಲ ಶಾಖೆಗಳಲ್ಲೂ, ಎಲ್ಲ ಸಾಮಾನಿಗೂ ನಮೂನೆ ಹದಿನೇಳು ಕಡ್ಡಾಯ. ಜೊತೆಗೆ ವಸ್ತುವಿನ ಚಿತ್ರ ಲಗತ್ತಿಸಬೇಕು. ವಸ್ತುವನ್ನು ಮೊಹರು ಮಾಡಿಡಬೇಕು. ಚಿತ್ರವೂ ವಿವರವೂ ತಾಳೆಯಾದರೆ ಮಾತ್ರ, ವಿಚಾರಣೆಯಲ್ಲಿ, ಮೊಹರು ಒಡೆಯಬೇಕು.

"ಸಾರ್, ಇದೊಂದನ್ನ ಬಿಟ್ಟುಕೊಡಿ. ಅವರಮ್ಮ..."

"ಮೊಟ್ಟಮೊದಲನೇ ಕೇಸು ಇದು. ಇದನ್ನೇ ಬಿಟ್ರೆ ಉಳಿದವರು ಏನಂತಾರೆ?"

ಉಳಿದವರು ಏನೆನ್ನುತ್ತಾರೆ ಎಂಬುದು ಮರುದಿನವೇ ಕೇಳಿಸಿತು. ಸಾಲು ಬಾಗಿಲು ದಾಟಿ ರಸ್ತೆಗೆ ಹೋಯಿತು. ಛತ್ರಿಯ ಶಬ್ದ ಏನೆಂದು ಬರೆಯುವುದು ತಿಳಿಯದೆ ಒಬ್ಬರು ಕೌಂಟರಿನಲ್ಲೇ ಛತ್ರಿ ಬಿಚ್ಚಿದ ಹಾಗೆ ಬಾಯಲ್ಲಿ ಸದ್ದು ಮಾಡಿ ತೋರಿಸಿದರು. ಹಲ್ಲುಸೆಟ್ಟಿನವರು ಗುರುತು ಹೇಳಲು ಹೋದರೆ ಹಲ್ಲಿಲ್ಲದೆ ಒಂದಕ್ಷರವೂ ಅರ್ಥವಾಗಲಿಲ್ಲ. ಎಲ್ಲರೂ ಈ ನಮೂನೆ ಮಾಡಿದವನ ಮನೆ ಹಾಳಾಗಲಿ ಎಂದರು. ನಿಧಾನಯ್ಯ ತಲೆ ತಗ್ಗಿಸಿ, ಎಲ್ಲವನ್ನೂ ದುಂಡಗಿನ ಅಕ್ಷರದಲ್ಲಿ ಬರೆದುಕೊಂಡ.

ಚಿತ್ರ ಬೇಕಲ್ಲ, ಅದಾದರೂ ತನ್ನ ಕೈಲಿದೆ ಎಂದು ಅವನಿಗೆ ಸ್ವಲ್ಪ ಜೀವ ಬಂತು. ಭಾನುವಾರ ಮೇಷ್ಟ್ರ ಯಂತ್ರದಲ್ಲಿ ಮೊದಲ ಪ್ರತಿ ತೆಗೆದ. ಕಗ್ಗತ್ತಲೆಯ ನಡುವೆ ಕೆಟಲ್ ಬೆಳಕು ಹಿಡಿದು ಕೂತಿತ್ತು. ಮೇಷ್ಟ್ರು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ, "ಯಾರದ್ರೀ ಈ ಕೆಟಲ್? ಯಾರನ್ನೋ ಕಾಯ್ತಿದೆಯಲ್ಲ," ಎಂದರು. ನಿಧಾನಯ್ಯ ಅದನ್ನು ಹೆಮ್ಮೆಯಿಂದ ಫೈಲಿಗೆ ಲಗತ್ತಿಸಿದ. ಸೋಮವಾರ ಸೂಪರಿಂಟೆಂಡೆಂಟರು ಕರೆಸಿದರು.

ಅವರು ಮೇಜಿನ ಹಿಂದೆ ಎದ್ದು ನಿಂತು, ಗಾಳಿಯಲ್ಲಿ ಕೆಟಲ್ ಹಿಡಿದು, ಗಾಳಿಯಲ್ಲಿ ಸುರಿಯುತ್ತಿದ್ದರು. "ವಿವರದಲ್ಲಿ ನೆಗ್ಗು ಬಲಗಡೆ. ಚಿತ್ರದ ಪ್ರಕಾರ ಹೀಗೆ ಸುರಿದ್ರೆ ಎಡಗಡೆ. ಏನ್ರೀ ಇದು?"

"ಸಾರ್, ತಗಡಿಂದ ಕಾಗದಕ್ಕೆ ಒತ್ತಿದಾಗ ಎಡ ಬಲ ಅದಲುಬದಲಾಗುತ್ತೆ. ರಬ್ಬರ್ ಸ್ಟಾಂಪಿನ ಹಾಗೆ."

"ನಮ್ಮ ಸ್ಟಾಂಪಲ್ಲಿ ಯಾವತ್ತಾದ್ರೂ ಅಕ್ಷರ ತಿರುವುಮುರುವಾಗಿದೆಯಾ? ನನಗೇ ಹೇಳಿಕೊಡ್ತೀರಾ? ಕೆಟಲ್ ಎರಡಿವೆ! ಬಲನೆಗ್ಗಿಂದು ಒಂದು, ಎಡನೆಗ್ಗಿಂದು ಒಂದು. ಇನ್ನೊಂದು ಎಲ್ಲಿ?"

"ಗಂಟು ಬಿಚ್ಚಿ ಒಂದು ಸಲ ನೋಡಿಬಿಡಿ ಸಾರ್."

"ತಾಳೆಯಾಗದೆ ಬಿಚ್ಚೋ ಹಾಗಿಲ್ಲ. ತಾಳೆಯಾಗಿದೆಯೋ ನೋಡೋಕೆ ಬಿಚ್ಚಬೇಕು ಅಂದ್ರೆ ಆಡಳಿತ ನಡೆಯೋದು ಹೇಗ್ರೀ?"

ವಿಚಾರಣೆಗೆ ಕೇಂದ್ರ ಕಚೇರಿಯಿಂದ ತಪಾಸಣೆಯ ಅಧಿಕಾರಿ ಬಂದರು. ಉದ್ದ ಮೇಜಿನ ನಡುವೆ ಮೊಹರು ಹಾಕಿದ ಗಂಟು. ಒಂದು ಕಡೆ ಕನ್ನಡಕದಮ್ಮ, ಅವರ ಪಕ್ಕದಲ್ಲಿ ಎಡಗೈಗೆ ಬಟ್ಟೆ ಸುತ್ತಿದ ಅವರ ತಾಯಿ. ಆ ಬಟ್ಟೆ ನೋಡಿದ ಮೇಲೆ ನಿಧಾನಯ್ಯನಿಗೆ ಬೇರೇನೂ ಕಾಣಲಿಲ್ಲ. ಎರಡನೆಯ ಕೆಟಲಿನ ಬಗ್ಗೆ ಸೂಪರಿಂಟೆಂಡೆಂಟರು ಮಾತು ಶುರು ಮಾಡಿದ್ದೇ ತಡ, ಅವನು ಎದ್ದು ನಿಂತ.

"ಎರಡನೇ ಕೆಟಲ್ ಇಲ್ಲ ಸಾರ್. ನಮೂನೆ ಹದಿನೇಳೂ ಇರಲಿಲ್ಲ. ನಾನೇ ಹುಟ್ಟಿಸಿದ್ದು. ಕೆಟಲಿನ ಚಿತ್ರ ಮುಗಿಯೋ ತನಕ ಅದು ನನ್ನ ಹತ್ರ ಇರಲಿ ಅಂತ ಸುಳ್ಳು ಹೇಳಿದೆ. ಆರನೇ ಕಲಂ ಅಂತೂ... ಅದು ಚಿತ್ರಕ್ಕೂ ಬೇಕಾಗಿರಲಿಲ್ಲ."

ಕನ್ನಡಕದಮ್ಮ ನಿಧಾನವಾಗಿ ಕತ್ತು ತಿರುಗಿಸಿ ಅವನನ್ನು ನೋಡಿದರು. ಆ ನೋಟಕ್ಕಿಂತ ಕುದಿಯುವ ನೀರೇ ವಾಸಿಯಾಗಿತ್ತು.

ಸೂಪರಿಂಟೆಂಡೆಂಟರು ಸಿಡಿದೆದ್ದರು. "ಸುಳ್ಳು! ಶುದ್ಧ ಸುಳ್ಳು! ನಮೂನೆ ಹದಿನೇಳು ನನ್ನ ಹನ್ನೊಂದು ವರ್ಷದ ಚಿಂತನೆಯ ಫಲ ಅಂತ ಕೇಂದ್ರ ಕಚೇರಿಗೆ ಬರೆದಿದೀನಿ. ಈತ ಕೀರ್ತಿಗೆ ಆಸೆಪಟ್ಟು ಹೀಗೆ ಹೇಳ್ತಿದಾನೆ."

ಸತ್ಯ ಹೇಳಿದ ತಪ್ಪಿಗೆ ಬೈಸಿಕೊಂಡು ನಿಂತ ನಿಧಾನಯ್ಯ, ಕೊನೆಯ ಉಪಾಯವೆಂಬಂತೆ ಚೀಲದಿಂದ ತಾಮ್ರದ ತಗಡನ್ನೇ ತೆಗೆದು ಮೇಜಿನ ಮೇಲಿಟ್ಟ. "ಇದು ಮೂಲ. ಇದರಲ್ಲಿ ಎಲ್ಲಾ ಸರಿಯಾಗೇ ಇದೆ, ನೋಡಿ." ತಪಾಸಣೆಯ ಅಧಿಕಾರಿ ಅದನ್ನು ಬೆಳಕಿಗೆ ಹಿಡಿದು, ಓರೆ ಮಾಡಿ, ಉಸಿರು ಬಿಟ್ಟು ಒರೆಸಿ ನೋಡಿದರು. "ನನ್ನ ಮೂಗು ಕಾಣ್ತಿದೆ," ಎಂದರು. ಸೂಪರಿಂಟೆಂಡೆಂಟರಿಗೆ ಅದೂ ಕಾಣಲಿಲ್ಲ.

"ನನಗೊಂಚೂರು ಕೊಡಿ," ಎಂದರು ಕನ್ನಡಕದಮ್ಮನ ತಾಯಿ.

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಕಣ್ಣಿದ್ದವರಿಗೆ ಕಾಣದ್ದು ಇವರಿಗೇನು ಕಂಡೀತು? ನಿಧಾನಯ್ಯ ತಗಡನ್ನು ಅವರ ಬಲಗೈಯ ಕೆಳಗೆ ಸರಿಸಿದ. ಅವರ ಬೆರಳುಗಳು ಅಂಚಿನಿಂದ ಮೆಲ್ಲಗೆ ಒಳಗೆ ನಡೆದವು.

"ಇಲ್ಲೆಲ್ಲ ಮರಳುಕಾಗದದ ಹಾಗಿದೆ. ಇಲ್ಲಿಂದ ನುಣುಪು... ಇದು ಹೊಟ್ಟೆ. ಮೂತಿ ಬಲಕ್ಕೆ. ಮುಚ್ಚಳ. ಹಿಡಿ ಸಡಿಲಾಗಿರೋದೂ ಗೊತ್ತಾಗ್ತಿದೆಯಲ್ಲ, ಶಿವನೇ!" ಬೆರಳು ಒಂದು ಕಡೆ ನಿಂತಿತು. ಹೋಗಿ ಬಂದು ಮತ್ತೆ ಅಲ್ಲೇ ನಿಂತಿತು. "ಇಲ್ಲಿದೆ ನೋಡೇ ಮಗಳೇ," ಎಂದರು, "ನೀನು ಮೆಟ್ಟಿಲಿಂದ ಬಿದ್ದದ್ದು."

ತಪಾಸಣೆಯ ಅಧಿಕಾರಿ ಮೂಗೊರೆಸಿಕೊಂಡು ತೀರ್ಪು ಕೊಟ್ಟರು: "ಹಾಳೆ ತಾಳೆಯಾಗಿಲ್ಲ, ತಗಡು ತಾಳೆಯಾಗಿದೆ. ಹಾಳೆ ನಕಲು, ತಗಡು ಮೂಲ. ಮೂಲವೇ ಊರ್ಜಿತ. ಮೊಹರು ಒಡೀರಿ."

ಗಂಟು ಬಿಚ್ಚಿತು. ಮುದುಕಿ ಕೆಟಲನ್ನು ಮಡಿಲಲ್ಲಿ ಇಟ್ಟುಕೊಂಡರು; ಆದರೆ ತಗಡನ್ನೂ ಬಿಡಲಿಲ್ಲ. "ಇದೂ ನಮ್ಮದೇನಾ?" ಎಂದು ಕೇಳಿದರು. "ನಿಮ್ಮದೇ ಅಮ್ಮ," ಎಂದ ನಿಧಾನಯ್ಯ. ನಾಲ್ಕು ತಿಂಗಳ ಕೆಲಸ ಹೀಗೆ ಎರಡು ಮಾತಿನಲ್ಲಿ ಹೋಯಿತು.

ಬಾಗಿಲ ಹತ್ತಿರ ಕನ್ನಡಕದಮ್ಮ ತಿರುಗಿ ನಿಂತರು. "ಚಿತ್ರ ಮಾಡ್ತಿದೀನಿ, ಇನ್ನೊಂದು ವಾರ ಇರಲಿ ಅಂತ ಒಂದು ಮಾತು ಹೇಳಿದ್ರೆ, ನಾನೇ ಇಟ್ಕೊಳ್ಳಿ ಅಂತಿದ್ದೆ. ಮನೇಲಿ ಅಮ್ಮನ್ನ ಜೋಪಾನ ಮಾಡ್ತಿದ್ದೆ." ಅಷ್ಟೇ ಹೇಳಿ ತಾಯಿಯ ಕೈ ಹಿಡಿದುಕೊಂಡು ಮೆಟ್ಟಿಲಿಳಿದರು.

ಸೂಪರಿಂಟೆಂಡೆಂಟರಿಗೆ ಬಡ್ತಿಯಾಯಿತು. ನಿಧಾನಯ್ಯನ ಚಿತ್ರ 'ಮಾದರಿ ಲಗತ್ತು' ಎಂದು ಎಲ್ಲ ಶಾಖೆಗಳಿಗೂ ಜೆರಾಕ್ಸ್ ಆಗಿ ಹೋಯಿತು. ಜೆರಾಕ್ಸಿನಲ್ಲಿ ಬಂದದ್ದು ಬರೀ ಕಪ್ಪು ಹಾಳೆ. ಇವತ್ತಿಗೂ ಆ ಶಾಖೆಗಳ ಗೋಡೆಗಳ ಮೇಲೆ ಆ ಕಪ್ಪು ಹಾಳೆ ತೂಗುತ್ತಿದೆ. ಗುಮಾಸ್ತರು ಯಾರೋ ದೊಡ್ಡವರು ತೀರಿಕೊಂಡಿರಬೇಕೆಂದು ಅದರ ಮುಂದೆ ಮೆಲ್ಲಗೆ ಮಾತಾಡುತ್ತಾರೆ.

ನಿಧಾನಯ್ಯನ ಬಳಿ ಕೆಟಲೂ ಇರಲಿಲ್ಲ, ತಗಡೂ ಇರಲಿಲ್ಲ, ನಾಲ್ಕೂವರೆ ಮಾತ್ರ ಇತ್ತು. ಅದು ದಿನಾ ಬರುತ್ತಿತ್ತು. ಹೊಸ ತಗಡು ತಂದು ಮತ್ತೆ ಉಳಿ ತೂಗಿದ. ತಗಡು ಸಿದ್ಧವಾಯಿತು, ಎದುರಿಗಿಡಲು ಸಾಮಾನು ಸಿಗಲಿಲ್ಲ. ಛತ್ರಿ ಇಟ್ಟ, ತೆಗೆದ. ಕೈಗವಸು ಇಟ್ಟ, ತೆಗೆದ. ಸಂಜೆ ಮನೆಗೆ ಹೋಗುವಾಗ ಹತ್ತು ನಿಮಿಷದ ದಾರಿ ಬಿಟ್ಟು ನಲವತ್ತು ನಿಮಿಷ ಸುತ್ತಿ ಕನ್ನಡಕದ ಅಂಗಡಿಯ ಎದುರಿನ ಪಾದಚಾರಿ ಹಾದಿಯಲ್ಲಿ ನಡೆಯತೊಡಗಿದ. ಗಾಜಿನ ಬೀರುವಿನಿಂದ ಮೂವತ್ತು ಜೊತೆ ಕನ್ನಡಕಗಳು ಅವನನ್ನು ದುರುಗುಟ್ಟಿ ನೋಡುತ್ತಿದ್ದವು. ಒಳಗೆ ಗಾಜು ಅರೆಯುವ ಸದ್ದು ಕೇಳುತ್ತಿತ್ತು. ಆ ಸದ್ದು ಕೇಳುವಷ್ಟು ದೂರ ಮೆಲ್ಲಗೆ, ಆಮೇಲೆ ಬೇಗ ಬೇಗ.

ಎರಡು ತಿಂಗಳಾದ ಮೇಲೆ ಅಕ್ಕನ ತಾಳ್ಮೆ ಮುಗಿಯಿತು.

"ನಿನಗೆ ಕಣ್ಣು ಕಾಣಲ್ವೇನೋ?"

"ಕಾಣುತ್ತಲ್ಲ ಅಕ್ಕ."

"ಕಾಣಲ್ಲ. ನಾನು ಹೇಳ್ತಿದೀನಿ, ಕಾಣಲ್ಲ. ಹೋಗಿ ಪರೀಕ್ಷೆ ಮಾಡಿಸ್ಕೊಂಡು ಬಾ. ಎಲ್ಲಿ ಅಂತ ನಾನೇ ಹೇಳಬೇಕಾ?"

ಹೀಗೆ ಒಂದು ಶನಿವಾರ ಮಧ್ಯಾಹ್ನ ನಿಧಾನಯ್ಯ ಆ ಅಂಗಡಿಯ ಎತ್ತರದ ಕುರ್ಚಿಯಲ್ಲಿ ಕೂತ. ಕನ್ನಡಕದಮ್ಮ ಗುರುತೇ ಇಲ್ಲದವರ ಹಾಗೆ ಅವನ ಒಂದು ಕಣ್ಣಿಗೆ ಕಪ್ಪು ಮುಚ್ಚಳ ಹಾಕಿ, ಗೋಡೆಯ ಅಕ್ಷರ ತೋರಿಸಿ ಓದಿ ಎಂದರು. ಅವನು ಮೇಲಿನ ದಪ್ಪ ಅಕ್ಷರದಿಂದ ಹಿಡಿದು ಕೆಳಗಿನ ಇರುವೆಯಂಥ ಅಕ್ಷರದವರೆಗೂ ಓದಿದ. ಅದರ ಕೆಳಗಿದ್ದ ಮುದ್ರಣಾಲಯದ ವಿಳಾಸವನ್ನೂ ಬಿಡದೆ ಓದಿದ.

"ಕಣ್ಣಿಗೇನೂ ಆಗಿಲ್ಲ."

"ಹಾಗಾದ್ರೆ... ಬೇರೆಲ್ಲೋ ಇರಬೇಕು," ಎಂದ. "ಅಮ್ಮನ ಕೈ ಹೇಗಿದೆ?" ಎಂದು ಕೇಳಿದ.

"ವಾಸಿಯಾಯ್ತು." ಆಕೆ ಅವನ ಕಣ್ಣಿನಿಂದ ಆ ಕಪ್ಪು ಮುಚ್ಚಳ ತೆಗೆದರು. "ದಿನಾ ನಿಮ್ಮ ತಗಡು ಮುಟ್ಟಿ ನೋಡ್ತಾರೆ. ಕೆಟಲ್ ಒಂದೇ ಕೂತಿದೆಯಲ್ಲೇ, ಪಕ್ಕದಲ್ಲಿ ಒಂದು ಟೀ ಕಪ್ಪಾದ್ರೂ ಬೇಡ್ವಾ ಅಂತ ನನ್ನ ಪ್ರಾಣ ತಿಂತಾರೆ. ಆ ನಿಧಾನದವರಿಗೆ ಹೇಳು ಅಂತಾರೆ."

"ತಪ್ಪಾಯ್ತು," ಎಂದ ನಿಧಾನಯ್ಯ. ಎರಡು ತಿಂಗಳಿಂದ ಹೊತ್ತು ತಿರುಗುತ್ತಿದ್ದ ಮಾತು ಅದು. ಕಪ್ಪಿನ ವಿಷಯಕ್ಕೆ ಅದು ಉತ್ತರವಲ್ಲವೆಂದು ಅವನಿಗೆ ಆಮೇಲೆ ಹೊಳೆಯಿತು. "ಅಂದ್ರೆ, ಕಪ್ಪು ಮಾಡಬಹುದು. ಹೊಸ ತಗಡು ತಯಾರಿದೆ. ಆದ್ರೆ ಎದುರಿಗೆ ಇಟ್ಕೊಂಡು ನೋಡಬೇಕಾಗುತ್ತೆ. ತಿಂಗಳುಗಟ್ಟಲೆ ಹಿಡಿಯುತ್ತೆ. ಈಗಲೇ ನಿಜ ಹೇಳಿಬಿಡ್ತೀನಿ."

ಕನ್ನಡಕದಮ್ಮ ಒಳಗೆ ಹೋದರು. ನಿಧಾನಯ್ಯ ಬಾಗಿಲ ಕಡೆ ನೋಡಿದ, 'ಹೊರಡಿ ಅಂತ ಅರ್ಥವೇನೋ' ಎಂದು ಎದ್ದ, ಕುರ್ಚಿಯ ಕಾಲಿಗೆ ಎಡವಿ ಮತ್ತೆ ಕೂತ. ಆಕೆ ಬಂದು ಗಾಜಿನ ಮೇಜಿನ ಮೇಲೆ ಒಂದು ಬಿಳಿ ಕಪ್ಪನ್ನಿಟ್ಟರು. ತಾವು ದಿನಾ ಕುಡಿಯುವ ಕಪ್ಪು. ತಳದಲ್ಲಿ ಇನ್ನೂ ತೇವವಿತ್ತು.

"ಇದನ್ನ ತಗೊಂಡು ಹೋಗೋ ಹಾಗಿಲ್ಲ," ಎಂದರು. "ನಿಮ್ಮ ಕೈಗೆ ಸಾಮಾನು ಸಿಕ್ಕಿ ಒಂದು ಸಲ ಕೆಟ್ಟಿದೀನಿ. ನೋಡಬೇಕು ಅಂದ್ರೆ ಇಲ್ಲಿಗೇ ಬಂದು ನೋಡ್ಬೇಕು."

ಈಗ ಸಂಜೆಯ ಹೊತ್ತು ಆ ರಸ್ತೆಯಲ್ಲಿ ಹೋಗುವವರಿಗೆ ಎರಡು ಸದ್ದು ಒಟ್ಟಿಗೆ ಕೇಳುತ್ತವೆ: ಒಂದು ಗಾಜು ಅರೆಯುವುದು, ಇನ್ನೊಂದು ತಾಮ್ರ ಕೆರೆಯುವುದು. ಅಕ್ಕ ಹೋದ ವಾರ ವಿಚಾರಿಸಿಕೊಂಡು ಬಂದಳು. ಕಪ್ಪಿನ ಅಂಚು ಮುಗಿದಿದೆಯಂತೆ, ಹಿಡಿಗೆ ಇನ್ನೂ ಕೈ ಹಾಕಿಲ್ಲವಂತೆ. ಅವಸರ ಮಾತ್ರ ಇಬ್ಬರಲ್ಲಿ ಯಾರ ಮುಖದಲ್ಲೂ ಅವಳಿಗೆ ಕಾಣಲಿಲ್ಲವಂತೆ.